ಕೊನೆಯ ಪುಟ ಬೇಡ

ಕಥೆ ಬರೆದವರ ಹೆಸರು ಯಾರಿಗೂ ಗೊತ್ತಾಗಬಾರದು, ಚರ್ಚೆ ಮುಗಿಯುವವರೆಗೆ ಬರೆದವರು ಬಾಯಿ ಬಿಡಬಾರದು. ಜೊಂಬಾ ಪಟ್ಟಣದ ಆ ಪುಟ್ಟ ಕಾಲೇಜಿನ ಕಥಾತರಗತಿಯಲ್ಲಿ ನ್ಖೋಮಾ ಮೇಡಂ ಹಾಕಿದ್ದ ನಿಯಮ ಅದು. ಹೆಸರು ಕಾಣದಿದ್ದರೆ ಮಾತ್ರ ಜನ ನಿಜ ಹೇಳುತ್ತಾರೆ ಎಂಬುದು ಅವರ ನಂಬಿಕೆ. ಅಲ್ಲಿ ಓದುತ್ತಿದ್ದ ತಮಂಡಾಳಿಗಂತೂ ಈ ನಿಯಮ ಹೇಳಿ ಮಾಡಿಸಿದಂತಿತ್ತು. ಅವಳ ನಾಲಿಗೆಗೆ ಸಿಕ್ಕಿ ಉಳಿದ ಕಥೆಗಳು ಕಡಿಮೆ.

ಎದುರು ಬೆಂಚಿನಲ್ಲಿ ಲಿಂಬಾನಿ ಕೂರುತ್ತಿದ್ದ. ಕೊನೆಯ ವರ್ಷದವನು. ಪರೀಕ್ಷೆ ಮುಗಿದಿದ್ದರೂ ಈ ತರಗತಿಯ ನೆಪದಲ್ಲಿ ಉಳಿದುಕೊಂಡಿದ್ದ. ಉತ್ತರದ ತುದಿಯ ಕರೊಂಗಾದಿಂದ ಶಾಲೆಯೊಂದು ಕೆಲಸಕ್ಕೆ ಕರೆದಿತ್ತು. ಹೋಗ್ತೀಯಾ ಎಂದು ತಮಂಡಾ ಕೇಳಿದಾಗಲೆಲ್ಲ, ನೋಡೋಣ ಎನ್ನುತ್ತಿದ್ದ.

ಕ್ಯಾಂಟೀನಿನಲ್ಲಿ ಅವಳ ತಟ್ಟೆಯ, ಎಣ್ಣೆಯಲ್ಲಿ ಕರಿದ ಬಿಸಿ ಮಂದಾಸಿ ಬನ್ನನ್ನು ಕೇಳದೆಯೇ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕೈಗೆ ಹೊಡೆದರೆ, ತುಟಿಗಂಟಿದ ಎಣ್ಣೆ ಒರೆಸದೆ, ಅವಳನ್ನೇ ನೋಡುತ್ತಾ ನಗುತ್ತಿದ್ದ. ತಮಂಡಾಳ ಚಹಾ ಆರಿಹೋಗುತ್ತಿತ್ತು. ಅವನೆಂದರೆ ಅವಳಿಗೆ ಪ್ರಾಣ. ಹೇಳಿರಲಿಲ್ಲ, ಅಷ್ಟೇ.

ಒಂದು ದಿನ ಮೇಡಂ ಓದಿದ್ದು ಸರೋವರದ ದಡದ ಕಥೆ. ದೋಣಿಯವನೊಬ್ಬ ಮೀನು ಮಾರುವ ಹುಡುಗಿಯನ್ನು ಮನಸ್ಸಿನಲ್ಲೇ ಪ್ರೀತಿಸುತ್ತಾನೆ. ಅವಳೋ ಬರೀ ಕೀಟಲೆ. ಬೇಸತ್ತು ಅವನು ಆಚೆ ದಡಕ್ಕೆ ಹೊರಟಾಗ, ಕೊನೆಯ ಪುಟದಲ್ಲಿ ಅವಳು ಓಡಿಬಂದು, ನಿನ್ನ ಪಾಲಿನ ಮೀನು ಎತ್ತಿಟ್ಟಿದ್ದೀನಿ, ಹೋಗಬೇಡ ಎನ್ನುತ್ತಾಳೆ.

ಇದು ಮೀನುಗಾರರ ಮನೆಯಿಂದ ಬಂದ ಸಹಪಾಠಿ ಅಟುಪೆಲೆ ಬರೆದದ್ದೇ ಎಂದು ತಮಂಡಾ ತೀರ್ಮಾನಿಸಿಬಿಟ್ಟಳು.

"ಇವಳಿಗೆ ಅವನ ಮೇಲೆ ಪ್ರೀತಿ ಎಲ್ಲಿದೆ? ಹೊತ್ತು ಹೋಗ್ಲಿ ಅಂತ ನಗ್ತಾಳೆ, ಇವನು ಅದನ್ನೇ ಪ್ರೀತಿ ಅಂದ್ಕೊಂಡಿದ್ದಾನೆ, ಪಾಪ. ಕೊನೇ ಪುಟ ಬೇಡ. ಅವಳು ಬರಲ್ಲ. ಇವನು ಸುಮ್ನೆ ದೋಣಿ ಹತ್ತಿ ಹೋಗ್ಲಿ."

ತರಗತಿ ಗೊಳ್ಳೆಂದು ನಕ್ಕಿತು. ಮೆಚ್ಚಿದನೇ ಎಂದು ಅವಳು ಓರೆಗಣ್ಣಿನಲ್ಲಿ ಲಿಂಬಾನಿಯನ್ನು ನೋಡಿದಳು. ಅವನು ಪೆನ್ಸಿಲಿನಿಂದ ಬೆಂಚು ಕೆರೆಯುತ್ತಿದ್ದ.

ಬರೆದವರು ಈಗ ಮಾತಾಡಬಹುದು ಎಂದರು ಮೇಡಂ.

ಲಿಂಬಾನಿ ಎದ್ದು ನಿಂತ. "ಥ್ಯಾಂಕ್ಸ್. ಕೊನೇ ಪುಟ ತೆಗೀತೀನಿ."

ತರಗತಿ ಬಿಟ್ಟೊಡನೆ ತಮಂಡಾ ಹೊರಗೆ ಓಡುವಷ್ಟರಲ್ಲಿ ಅವನಿರಲಿಲ್ಲ. ಫೋನೂ ಎತ್ತಲಿಲ್ಲ. ಕರೊಂಗಾದವರಿಗೆ ಒಪ್ಪಿಗೆ ಹೇಳಿದನಂತೆ, ಬೆಳಗಿನ ಬಸ್ಸಿಗೆ ಹೊರಡುತ್ತಾನಂತೆ ಎಂದು ಸಂಜೆ ಅಟುಪೆಲೆ ಬಂದು ತಿಳಿಸಿದ.

ಬೆಳಿಗ್ಗೆ ಡಿಪೋದಲ್ಲಿ ಅವನು ಕಿಟಕಿಯ ಪಕ್ಕ ಕೂತಿದ್ದ. ತಮಂಡಾ ಏದುಸಿರು ಬಿಡುತ್ತಾ ಕಾಗದದ ಪೊಟ್ಟಣ ಚಾಚಿದಳು.

"ನಿನ್ನ ಪಾಲಿನ ಮಂದಾಸಿ ಎತ್ತಿಟ್ಟಿದ್ದೀನಿ ಕಣೋ. ಹೋಗಬೇಡ."

ಅವನ ಕಣ್ಣು ತುಂಬಿತು. ಆದರೂ ಪೊಟ್ಟಣಕ್ಕೆ ಕೈ ಚಾಚಲಿಲ್ಲ.

"ಯಾರ ಕಥೆ ಅಂತ ಗೊತ್ತಿಲ್ದೆ ಹೇಳಿದ್ಯಲ್ಲ, ಅದು ನಿಜ ತಮಂಡಾ. ಈಗ ನಂದು ಅಂತ ಗೊತ್ತಾಗಿದೆ. ಅದಕ್ಕೇ ಈ ಕನಿಕರ."

"ನೀನು ಮೆಚ್ಚಲಿ ಅಂತ ಜಾಣತನ ತೋರಿಸ್ದೆ ಕಣೋ. ನಿನಗೋಸ್ಕರ."

ಅವನು ಅವಳನ್ನೇ ನೋಡಿದ. ಒಂದು ಕ್ಷಣ ಎದ್ದೇಬಿಡುತ್ತಾನೆ ಅನ್ನಿಸಿತು. ಕಂಡಕ್ಟರ್ ಬಸ್ಸಿನ ಮೈ ಬಡಿದ.

"ಕೊನೇ ಪುಟದಲ್ಲಿ ಹೀಗೆ ಓಡಿಬಂದ್ರೆ ನಂಬೋಕಾಗಲ್ಲ ಕಣೇ," ಎಂದ ಲಿಂಬಾನಿ, ಮೆತ್ತಗೆ. ಬಸ್ಸು ಹೊರಟಿತು.

ಮುಂದಿನ ವಾರ ಹೆಸರಿಲ್ಲದ ಇನ್ನೊಂದು ಕಥೆ ಬಂತು. ಅದರಲ್ಲಿ ಹುಡುಗಿಯೊಬ್ಬಳು ಡಿಪೋದಲ್ಲಿ ಪೊಟ್ಟಣ ಹಿಡಿದು ಅಳುತ್ತಾ ನಿಂತಿರುತ್ತಾಳೆ. ಅಳು ಅತಿಯಾಯಿತು ಎಂದರು ಒಬ್ಬರು. ಅಷ್ಟು ಪ್ರೀತಿ ಇದ್ದವಳು ಮೊದಲೇ ಹೇಳುತ್ತಿರಲಿಲ್ಲವೇ ಎಂದರು ಇನ್ನೊಬ್ಬರು. ಎದುರಿನ ಬೆಂಚು ಖಾಲಿ ಇತ್ತು.

ಚರ್ಚೆ ಇನ್ನೂ ಮುಗಿದಿರಲಿಲ್ಲ. ನಿಯಮದ ಪ್ರಕಾರ ತಮಂಡಾ ಬಾಯಿ ಬಿಡುವಂತಿರಲಿಲ್ಲ.