ಎತ್ತಿಟ್ಟ ಬಫರ್

ಅಕ್ಕಿ ಮೇಡಂ ನಕ್ಕರು. ಅವನೂ ನಕ್ಕ. ಗಾಜಿನ ಬಾಗಿಲಾಚೆ ನಿಂತಿದ್ದ ನನಗೆ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು.

ಅವನು ನಮ್ಮ ಲ್ಯಾಬಿನ ಎಕ್ಸ್-ರೇ ಯಂತ್ರ ನೋಡಿಕೊಳ್ಳುವವನು. ಎಲ್ಲರ ಬಾಯಲ್ಲೂ 'ಕನ್ನಡಕ'. ನಾನು ಬಟಾಣಿಯಿಂದ ಪ್ರೋಟೀನ್ ತೆಗೆದು ತಂದರೆ, ಅವನು ಅದರೊಳಗೆ ಎಕ್ಸ್-ರೇ ಹಾಯಿಸಿ, ಕಿರಣ ಚದುರಿದ ರೀತಿ ನೋಡಿ ಅದರ ಆಕಾರ ಹೇಳುತ್ತಾನೆ. ಎರಡು ವರ್ಷದಿಂದ ನನ್ನನ್ನು 'ಬಟಾಣಿ' ಅನ್ನುತ್ತಾನೆ. ಅದರಾಚೆಗೆ ತುಟಿ ಬಿಚ್ಚಿಲ್ಲ. ಅಕ್ಕಿಯ ಪ್ರೋಟೀನ್ ಹಿಡಿದು ಮೊನ್ನೆ ಬಂದ ಈ ಮೇಡಂ ಜೊತೆ ಮಾತ್ರ ಮಾತಿಗೆ ಕೊನೆಯೇ ಇಲ್ಲ!

ಒಳಗೆ ಹೋಗಿ ಸ್ಯಾಂಪಲ್ಲನ್ನೂ ಬಫರ್ ಬಾಟಲಿಯನ್ನೂ ಮೇಜಿನ ಮೇಲೆ ಕುಕ್ಕಿದೆ. ಬಫರ್ ಎಂದರೆ ಪ್ರೋಟೀನ್ ಕರಗಿರುವ ದ್ರಾವಣ. ಅದೇ ಬಾಟಲಿಯದನ್ನು ಬೇರೆಯಾಗಿ ಅಳೆದು ಕಳೆದರೆ ಉಳಿಯುವುದು ಬರೀ ಪ್ರೋಟೀನಿನ ಲೆಕ್ಕ; ಹೊಸದಾಗಿ ಮಾಡಿದ್ದು ಸರಿಹೋಗದು.

"ಯಾಕೆ ಬಟಾಣಿ, ಕೋಪ ಮೂಗಿನ ತುದೀಲೇ ಇದೆ?"

"ನಿಮ್ಮ ಕೆಲಸ ನೀವು ನೋಡಿ."

ನನ್ನ 'ನೀವು' ಕೇಳಿ ಅವನ ಹುಬ್ಬು ಕನ್ನಡಕದ ಮೇಲಕ್ಕೆ ಹೋಯಿತು. ಅಳೆದ, ಕಳೆದ. ಪರದೆಯ ಮೇಲಿನ ಗೆರೆ ಸೊನ್ನೆಗಿಂತ ಕೆಳಗೆ ಬಿತ್ತು.

"ಇದು ಆ ಬಫರ್ ಅಲ್ಲ ಕಣೇ. ಹಳೇ ಬಾಟಲಿ ತಂದಿದ್ದೀಯ."

ನಿಜ. ಬೆಳಿಗ್ಗೆ ಇವರಿಬ್ಬರೂ ಟೀ ಕುಡಿಯುವುದನ್ನು ನೋಡುತ್ತ, ಸರಿಯಾದದ್ದನ್ನೇ ಹಳೆಯದೆಂದು ಸಿಂಕಿಗೆ ಸುರಿದಿದ್ದೆ. ಮೂರು ತಿಂಗಳ ಕೆಲಸ, ಉಳಿದಿದ್ದ ಕೊನೆಯ ಸ್ಯಾಂಪಲ್. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ ಎನ್ನುತ್ತಿದ್ದಳು ಅಜ್ಜಿ. ನನಗೆ ಅಳು ಬಂತು.

ಅವನು ಫ್ರಿಜ್ ತೆರೆದ. ಕೆಳಗಿನ ಟ್ರೇಯಲ್ಲಿ ಪುಟ್ಟ ಟ್ಯೂಬುಗಳ ಸಾಲು. ಪ್ರತಿಯೊಂದರ ಮೇಲೂ ಒಂದು ತಾರೀಖು, 'ಬಟಾಣಿ' ಎಂಬ ಬರಹ. ನಾನು ಸಿಂಕಿಗೆ ಸುರಿದಿದ್ದ ನಿನ್ನೆಯ ಬಫರೂ ಇತ್ತು.

"ನೀನು ಬಾಟಲಿ ಫ್ರಿಜ್ಜಲ್ಲಿಟ್ಟು ಹೋದ್ಮೇಲೆ ಸ್ವಲ್ಪ ಎತ್ತಿಡ್ತೀನಿ. ಸಿಟ್ಟು ಬಂದ್ರೆ ಕೈಗೆ ಸಿಕ್ಕಿದ್ದು ಚೆಲ್ತೀಯಲ್ಲ."

"ಎಷ್ಟು ದಿನದಿಂದ?"

"ಎರಡು ವರ್ಷ."

"ನೋಡಮ್ಮ," ಅಕ್ಕಿ ಮೇಡಂ ಸೊಂಟಕ್ಕೆ ಕೈ ಕೊಟ್ಟರು, "ಈ ಮಹಾಶಯ ನನ್ನ ಹತ್ರ ಆಡೋದೆಲ್ಲ ನಿನ್ನ ಮಾತೇ. ಆ ಟ್ರೇ ಮುಟ್ಟೋಕೂ ಬಿಡಲ್ಲ!"

ನನ್ನ ಹೊಟ್ಟೆಕಿಚ್ಚು ಅಷ್ಟಕ್ಕೇ ಆರುವಂಥದ್ದಲ್ಲ. "ಅವರದ್ದೂ ಎತ್ತಿಡ್ತೀಯಾ?" ಎಂದು ಮೆಲ್ಲಗೆ ಕೇಳಿದೆ.

"ಇಲ್ಲಪ್ಪ. ಅವರು ನನ್ನ ಮೇಲೆ ಸಿಟ್ಟಾಗಲ್ಲ."

"ನಾನು ಆಗ್ತೀನಿ."

"ಆಗು. ಜೀವಮಾನವಿಡೀ ಆಗ್ತಾ ಇರು, ಎತ್ತಿಡೋಕೆ ನಾನಿದ್ದೀನಿ."

ಅವನು ನಿನ್ನೆಯ ಟ್ಯೂಬಿನ ಬಫರನ್ನು ಯಂತ್ರಕ್ಕೆ ಹಾಕಿದ. ಗೆರೆ ಸರಿಯಾಗಿ ಬಂತು ಎಂದು ಕೂಗಿ ಹೇಳಿದ್ದು ಅಕ್ಕಿ ಮೇಡಂ. ನಾವಿಬ್ಬರೂ ಪರದೆ ನೋಡುತ್ತಿರಲಿಲ್ಲ.