ಯೆಮಂಜಾಳಿಗೆ ಎರಡು ಹೆಸರು

"ನಮ್ಮೋರೇ ಕಣಮ್ಮ."

ಅಮೃತೇಶ್ ತನ್ನ ತಾಯಿಗೆ ಈ ಮಾತು ಹೇಳಿ ನಾಲ್ಕು ತಿಂಗಳಾಗಿತ್ತು. ಹೇಳಲು ಅವನಿಗೆ ಒಂದು ಗಳಿಗೆ ಸಾಕಾಗಿತ್ತು. ಅದರೊಳಗೆ ಸಿಕ್ಕಿಹಾಕಿಕೊಂಡ ಸಂಘಮಿತ್ರಾಗೆ ಹೊರಬರುವ ದಾರಿ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಆದದ್ದಿಷ್ಟು. ಅಮೃತೇಶನದು ನಂಜನಗೂಡಿನಲ್ಲಿ ಸ್ವಂತ ಟೆಂಪೊ ಟ್ರಾವೆಲರ್. ಪ್ರವಾಸಿಗರನ್ನು ಊರೂರು ಸುತ್ತಿಸುವ ಕೆಲಸ. ಸಂಘಮಿತ್ರಾ ಆ ಗಾಡಿಯ ಗೈಡ್. ಮೈಸೂರಿನ ಕಂಪನಿಯೊಂದರಲ್ಲಿ ಬ್ರೆಜಿಲ್ ಗ್ರಾಹಕರ ಫೋನಿಗೆ ಉತ್ತರಿಸಿ ಉತ್ತರಿಸಿ ಪೋರ್ಚುಗೀಸ್ ಕಲಿತವಳು. ಎರಡು ವರ್ಷ ಜೊತೆಯಲ್ಲಿ ತಿರುಗಾಡಿದ ಮೇಲೆ ಅವನು ಒಂದು ದಿನ ಟೂರ್ ಪ್ಲಾನ್ ಮಾತಾಡುವ ನೆಪ ಹೂಡಿ ಅವಳನ್ನು ಮನೆಗೆ ಕರೆದುಕೊಂಡು ಹೋದ. ತಾಯಿ ಮಂಗಳಮ್ಮ ಕಾಫಿ ಕೊಟ್ಟು, ಎದುರಿಗೆ ಕೂತು, ನಗುನಗುತ್ತಲೇ ಕೇಳಿದ್ದರು: "ನೀವು ಯಾವ ಮಠಕ್ಕೆ ನಡ್ಕೊಳ್ಳೋದವ್ವ?"

ಕೇಳಿದ್ದು ಮಠದ ವಿಷಯವಲ್ಲ ಎಂದು ಕೇಳಿದವರಿಗೂ ಗೊತ್ತಿತ್ತು, ಕೇಳಿಸಿಕೊಂಡವಳಿಗೂ ಗೊತ್ತಿತ್ತು. ಸಂಘಮಿತ್ರಾ ಬದನವಾಳಿನ ಬೌದ್ಧರ ಮನೆಯ ಹುಡುಗಿ. ಅದನ್ನು ಹೇಳಲು ಅವಳಿಗೆ ಯಾವತ್ತೂ ನಾಲಿಗೆ ತಡವರಿಸಿದ್ದಿಲ್ಲ. ಆದರೆ ಅವಳು ಬಾಯಿ ತೆರೆಯುವ ಮೊದಲೇ ಅಮೃತೇಶ್ ನಡುವೆ ಬಾಯಿ ಹಾಕಿ "ನಮ್ಮೋರೇ" ಎಂದುಬಿಟ್ಟ. ಹೆಸರು ಕೇಳಿದರೆ "ಮಿತ್ರಾ" ಎಂದ. ಊರು ಕೇಳಿದರೆ "ಮೈಸೂರು" ಎಂದ.

ಅವತ್ತಿನಿಂದ ಮಂಗಳಮ್ಮನ ಪ್ರೀತಿ ಶುರುವಾಯಿತು. ರೊಟ್ಟಿ, ಚಟ್ನಿಪುಡಿ, ನಂಜನಗೂಡಿನ ರಸಬಾಳೆ, ಮುಡಿಗೆ ಮಲ್ಲಿಗೆ. ಬೈದಿದ್ದರೆ ಎದ್ದು ಬರಬಹುದಿತ್ತು. ಪ್ರೀತಿಸುವವರ ಮುಂದೆ ಏಳುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

"ಈ ಟ್ರಿಪ್ ಒಂದು ಮುಗೀಲಿ, ಹೇಳ್ಬುಡ್ತೀನಿ" ಎಂದು ಅವನು ಹೇಳುತ್ತಲೇ ಇದ್ದ. ಟ್ರಿಪ್‌ಗಳು ಮುಗಿಯುತ್ತಲೇ ಇದ್ದವು.

ಈ ಶುಕ್ರವಾರ ಬೆಳಗ್ಗೆ ಅತಿಥಿಗಳು ತಂಗಿದ್ದ ಲಾಡ್ಜಿನ ಮುಂದೆ ಗಾಡಿಯ ಗಾಜು ಒರೆಸುತ್ತಿದ್ದವನ ಪಕ್ಕ ನಿಂತು ಅವಳು ಮೆಲ್ಲಗೆ ಹೇಳಿದಳು: "ಇವತ್ತು ನೀನು ನಿಮ್ಮಮ್ಮನಿಗೆ ಹೇಳದಿದ್ರೆ ನಾಳೆಯಿಂದ ನಾನು ಈ ಗಾಡಿ ಹತ್ತಲ್ಲ."

"ಬೇರೆ ಗೈಡ್‌ನ ಎಲ್ಲಿಂದ ತರ್ಲಿ? ಈ ಜಿಲ್ಲೇಲಿ ಪೋರ್ಚುಗೀಸ್ ಮಾತಾಡೋಳು ನೀನೊಬ್ಳೇ."

"ತಮಾಷೆ ಮಾಡ್ಬೇಡ ಅಮೃತ್."

ಅವನು ಒರೆಸುವುದನ್ನು ನಿಲ್ಲಿಸಿದ. ಗಾಜಿನಲ್ಲಿ ಕಾಣುತ್ತಿದ್ದ ಅವಳ ಮುಖವನ್ನೇ ನೋಡುತ್ತ, "ನಿನ್ನ ಬಿಟ್ಟು ನಾನು ಸ್ಟೇರಿಂಗ್ ಮುಟ್ಟಲ್ಲ ಕಣೇ" ಎಂದ. ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಧೈರ್ಯವೂ ಇರಲಿಲ್ಲ.

ಅಷ್ಟರಲ್ಲಿ ಅತಿಥಿಗಳು ಇಳಿದು ಬಂದರು. ಬ್ರೆಜಿಲ್ ದೇಶದ ಸಾಲ್ವಡೋರ್ ನಗರದಿಂದ ಬಂದ ಹನ್ನೊಂದು ಹೆಂಗಸರು. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಗುಲಾಮರೆಂದು ಹಡಗಿನಲ್ಲಿ ತುಂಬಿ ತಂದವರ ವಂಶದವರು. ತಮ್ಮ ಹಬ್ಬಗಳ ಕಥೆ ಹೇಳುವುದು, ಬೇರೆ ನಾಡಿನ ಹಬ್ಬಗಳನ್ನು ನೋಡುವುದು ಅವರ ಪ್ರವಾಸದ ಉದ್ದೇಶ. ಇವತ್ತು ತಿ. ನರಸೀಪುರದ ಸಂಗಮದಲ್ಲಿ ತುಂಬಿದ ಕಾವೇರಿಗೆ ಬಾಗಿನ ಬಿಡುವುದನ್ನು ಅವರಿಗೆ ತೋರಿಸಬೇಕಿತ್ತು. ಬಾಗಿನ ಬಿಡಲು ಮುತ್ತೈದೆಯಾಗಿ ಮಂಗಳಮ್ಮನೇ ಮೊರ ಕಟ್ಟಿಕೊಂಡು ಬಂದಿದ್ದರು.

ಬಿಳಿ ಲಂಗ, ಬಿಳಿ ರವಿಕೆ, ತಲೆಗೆ ಬಿಳಿ ವಸ್ತ್ರ ಸುತ್ತಿದ್ದ ಹನ್ನೊಂದು ಜನರನ್ನು ಕಂಡು ಮಂಗಳಮ್ಮ ಬೆಚ್ಚಿದರು.

"ಮಿತ್ರಾ, ಶುಕ್ರವಾರದ ದಿನ ಎಲ್ಲಾರೂ ಬಿಳೀದು ಉಟ್ಟವ್ರಲ್ಲ, ಯಾರಾರ ಓಗ್ಬುಟ್ರೇನವ್ವ?"

"ಅಯ್ಯೋ ಇಲ್ಲಮ್ಮ. ಶುಕ್ರವಾರ ಅವರ ದೊಡ್ಡ ದೇವರ ವಾರ. ಆ ದೇವರಿಗೆ ಬಿಳಿ ಇಷ್ಟ. ನಿಮಗೆ ಸೋಮವಾರ ಇದ್ದಂಗೆ."

"ಅಂಗಾರೆ ಸರಿ" ಎಂದು ಮಂಗಳಮ್ಮ ಸಮಾಧಾನದಿಂದ ಗಾಡಿ ಹತ್ತಿ, ಅವಳ ಪಕ್ಕದಲ್ಲೇ ಕೂತು, ಕೈಹಿಡಿದುಕೊಂಡರು.

ಗಾಡಿ ಹೊರಟಿತು. ಡ್ರೈವರ್ ತಲೆಯ ಮೇಲಿನ ಕನ್ನಡಿಯಲ್ಲಿ ಅಮೃತೇಶನ ಕಣ್ಣು ಅವಳನ್ನು ಹುಡುಕಿತು. ಎರಡು ವರ್ಷದಿಂದ ಅವರ ಪ್ರೀತಿ ನಡೆದದ್ದು ಹೆಚ್ಚಾಗಿ ಆ ಅಂಗೈಯಗಲ ಕನ್ನಡಿಯಲ್ಲೇ. ಹುಬ್ಬು ಏರಿಸಿದರೆ 'ಕಾಫಿ ಬೇಕಾ', ಕಣ್ಣು ಕಿರಿದಾಗಿಸಿದರೆ 'ಚೆನ್ನಾಗಿ ಕಾಣ್ತಿದ್ದೀಯ'. ಇವತ್ತು ಅವನು ಎರಡನ್ನೂ ಮಾಡಿದ. ಅವಳಿಗೆ ನಗು ಬಂತು. ಬಂದ ನಗುವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಕಿಟಕಿಯಾಚೆ ನಾಟಿಯಾದ ಗದ್ದೆಗಳು, ಬಯಲು, ಗಾಳಿ. ಒಳಗೆ ಮಾತ್ರ ಇಕ್ಕಟ್ಟು. ಮುಂದೆ ಹೇಳದವನು, ಪಕ್ಕದಲ್ಲಿ ತಿಳಿಯದವರು, ನಡುವೆ ತಾನು.

ಗುಂಪಿನ ಹಿರಿಯಾಕೆ ಲಿಂದೌರಾಗೆ ಎಪ್ಪತ್ತೆರಡು ವರ್ಷ. ಅವರು ಹಿಂದಿನ ಸೀಟಿನಿಂದ ಬಾಗಿ ತಮ್ಮ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಕಡಲ ದಡದ ತುಂಬ ಜನ. ಬುಟ್ಟಿ ಬುಟ್ಟಿ ಹೂವು, ಬಾಚಣಿಗೆ, ಕನ್ನಡಿ, ಸೆಂಟಿನ ಬಾಟಲಿ. ಎಲ್ಲವನ್ನೂ ದೋಣಿಗೆ ತುಂಬಿ ಸಮುದ್ರಕ್ಕೆ ಬಿಡುತ್ತಿದ್ದರು.

"ಪ್ರತಿ ವರ್ಷ ಫೆಬ್ರವರಿ ಎರಡಕ್ಕೆ. ಯೆಮಂಜಾ, ನಮ್ಮ ನೀರಿನ ತಾಯಿಗೆ" ಎಂದರು ಲಿಂದೌರಾ. ಸಂಘಮಿತ್ರಾ ಕನ್ನಡದಲ್ಲಿ ಹೇಳಿದಳು.

"ನೋಡವ್ವ! ಬಾಚಣಿಗೆ, ಕನ್ನಡಿ. ಇದು ಬಾಗಿನವೇ ಕಣೆ!" ಮಂಗಳಮ್ಮ ಎದ್ದೇ ನಿಂತರು. ಆಮೇಲೆ ವಿಡಿಯೊದ ಮೂಲೆಯಲ್ಲಿ ಕಂಡ ನೀಲಿ ಸೆರಗಿನ ವಿಗ್ರಹವನ್ನು ತೋರಿಸಿ, "ಇದು ಮೇರಿಯಮ್ಮ ಅಲ್ವಾ?" ಎಂದರು.

ಸಂಘಮಿತ್ರಾ ಕೇಳಿದಳು. ಲಿಂದೌರಾ ನಿಧಾನವಾಗಿ ಹೇಳಿದರು, ಇವಳು ನಿಧಾನವಾಗಿ ಕನ್ನಡಕ್ಕೆ ತಂದಳು.

"ಗುಲಾಮರು ತಮ್ಮ ದೇವರನ್ನ ಪೂಜೆ ಮಾಡಿದ್ರೆ ಯಜಮಾನರು ಹೊಡೀತಿದ್ರಂತೆ. ಅದಕ್ಕೆ ಇವರ ಮುತ್ತಜ್ಜಿಯರು ಮೇರಿಯಮ್ಮನ ಹಿಂದೆ ತಮ್ಮ ಯೆಮಂಜಾಳನ್ನ ಬಚ್ಚಿಟ್ರಂತೆ. ಹೊರಗಿನವರ ಮುಂದೆ ಒಂದು ಹೆಸರು, ಮನಸ್ಸಲ್ಲಿ ಇನ್ನೊಂದು."

"ಪಾಪ" ಎಂದರು ಮಂಗಳಮ್ಮ. ಕಣ್ಣಲ್ಲಿ ನಿಜವಾಗಿ ನೀರಿತ್ತು. "ಅಲ್ಲಾ, ಈಗ ಒಡೆಯೋರು ಬಡಿಯೋರು ಯಾರೂ ಇಲ್ವಲ್ಲ. ಈಗ್ಲೂ ಯಾಕೆ ಎರಡೆಸರು? ಕೇಳವ್ವ."

ಆ ಪ್ರಶ್ನೆಯನ್ನು ಸಂಘಮಿತ್ರಾ ಲಿಂದೌರಾಗೆ ದಾಟಿಸಲಿಲ್ಲ. ಕನ್ನಡಿಯಲ್ಲಿ ಅಮೃತೇಶನ ಕಣ್ಣು ತಟ್ಟನೆ ರಸ್ತೆಗೆ ಇಳಿಯಿತು. ಅದನ್ನು ನೋಡಿದ ಮೇಲೆ ಅವಳಿಗೆ ಕೋಪ ಬಂತು.

ಸಂಗಮದಲ್ಲಿ ನೀರು ಮೆಟ್ಟಿಲುಗಳನ್ನು ನುಂಗಿ ಮೇಲೆ ಬಂದಿತ್ತು. ಕಪಿಲೆ ಕಾವೇರಿಯನ್ನು ಸೇರುವ ಜಾಗವನ್ನು ಅವಳು ಅತಿಥಿಗಳಿಗೆ ತೋರಿಸಿದಳು. ಮಂಗಳಮ್ಮ ಸೆರಗು ಸಿಕ್ಕಿಸಿಕೊಂಡು ಬಾಗಿನ ಸಿದ್ಧಮಾಡಿದರು. ಮೊರದ ತುಂಬ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕರಿಮಣಿ, ಕನ್ನಡಿ, ರವಿಕೆ ಕಣ. ಮೇಲೆ ಇನ್ನೊಂದು ಮೊರ ಕವುಚಿ ಅರಿಶಿನದ ದಾರ ಸುತ್ತಿದ್ದರು. ಹನ್ನೊಂದು ಬಿಳಿ ಲಂಗಗಳು ಸುತ್ತ ನಿಂತವು.

ನೀರಿಗಿಳಿದ ಮಂಗಳಮ್ಮ ತಿರುಗಿ ನೋಡಿದರು.

"ಬಾರವ್ವ ಮಿತ್ರಾ. ಒಂದ್ಕಡೆ ನೀನು ಇಡ್ಕೊ."

"ನಾನಾ? ಮದುವೆಯಾಗದವರು ಬಾಗಿನ ಬಿಡಬಾರದಲ್ವಾಮ್ಮ?"

"ಬಿಡ್ಬಾರ್ದು. ಆದ್ರೆ ಅತ್ತೆ ಇಡ್ಕೊಂಡಿರೋ ಮೊರಕ್ಕೆ ಕೈ ಕೊಡ್ಬೌದು."

ಈ ಶಾಸ್ತ್ರ ಹುಟ್ಟಿದ್ದು ಆಗತಾನೆ ಎಂದು ಅವರ ಮುಖವೇ ಹೇಳುತ್ತಿತ್ತು. ಅತ್ತೆ ಎಂದವರು ತಾವೇ ನಾಚಿ ನಕ್ಕರು. ದಡದಲ್ಲಿದ್ದ ಅಮೃತೇಶನ ಮುಖ ಅರಳಿತು. 'ಹಿಡ್ಕೊ' ಎಂದು ಅವನು ಕಣ್ಣಲ್ಲೇ ಬೇಡಿದ. ಅವಳು ಬಯಸಿದ್ದೆಲ್ಲ ಒಂದು ಗೇಣು ದೂರದಲ್ಲಿತ್ತು. ಕೈ ಚಾಚಿದರೆ ಆಗುತ್ತಿತ್ತು. ಚಾಚಿದ ಮೇಲೆ ಬದುಕಿಡೀ ಮಿತ್ರಾ ಆಗಿಯೇ ಇರಬೇಕಿತ್ತು. ತನ್ನ ಅವ್ವ ಮಗಳ ಮನೆಗೆ ಬರಬೇಕೆಂದರೆ ಅವ್ವನಿಗೂ ಇನ್ನೊಂದು ಹೆಸರು ಹುಡುಕಬೇಕಿತ್ತು.

"ಅಮ್ಮ, ನನ್ನ ಪೂರ್ತಿ ಹೆಸರು ಸಂಘಮಿತ್ರಾ. ನಮ್ಮೂರು ಬದನವಾಳು. ನಮ್ಮನೆ ಗೋಡೆ ಮೇಲೆ ಬುದ್ಧ ಇದ್ದಾನೆ, ಪಕ್ಕದಲ್ಲಿ ಬಾಬಾಸಾಹೇಬರು. ನಾನು ನಿಮ್ಮೋರಲ್ಲ."

ಮಂಗಳಮ್ಮ ಚಾಚಿದ್ದ ಮೊರವನ್ನು ಎದೆಗೆ ಎಳೆದುಕೊಂಡರು, ಅಷ್ಟೇ. ಬೇಕೆಂದು ಮಾಡಿದ್ದಲ್ಲ; ಕೈ ತಾನಾಗಿ ಹಿಂದಕ್ಕೆ ಹೋಗಿತ್ತು. ನಾಲ್ಕು ತಿಂಗಳು ಮಲ್ಲಿಗೆ ಮುಡಿಸಿದ ಕೈ ಅದು.

"ಅಮೃತಾ, ಇವಳೇನ್ಲಾ ಅಂತಾವ್ಳೆ?"

ಅಮೃತೇಶ್ ಶೂ ಕಳಚುವುದನ್ನೂ ಮರೆತು ನೀರಿಗಿಳಿದು ಬಂದ.

"ಸುಳ್ಳು ಹೇಳಿದ್ದು ನಾನಮ್ಮ. ಅವಳಲ್ಲ. ಎರಡು ವರ್ಷದಿಂದ ಇವಳನ್ನ ಪ್ರೀತಿಸ್ತಾ ಇದ್ದೀನಿ. ನಿಂಗೆ ಹೆದರ್ಕೊಂಡು ಇವಳ ಹೆಸರನ್ನೇ ಅರ್ಧ ಮಾಡ್ದೆ. ಮದುವೆ ಅಂತಾದ್ರೆ ಇವಳನ್ನೇ."

ಕೊನೆಗೂ ಹೇಳಿದ್ದ. ಅವಳು ಎಷ್ಟು ದಿನದಿಂದ ಕಾದಿದ್ದ ಮಾತು! ಸಂತೋಷವೂ ಅಳುವೂ ಒಟ್ಟಿಗೇ ಬಂದು, ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಅವಳು ತುಟಿ ಕಚ್ಚಿಕೊಂಡಳು. ಅತಿಥಿಗಳು ಏನಾಯಿತು, ಏನಾಯಿತು ಎಂದು ಕೇಳುತ್ತಿದ್ದರು. ಹೇಳಬೇಕಾದವಳೇ ನಡುವೆ ನಿಂತಿದ್ದರಿಂದ ಯಾರಿಗೂ ಏನೂ ತಿಳಿಯಲಿಲ್ಲ.

ಮಂಗಳಮ್ಮನ ಕೈಯಲ್ಲಿ ಮೊರ ವಾಲಿತು. ಲಿಂದೌರಾ ಮುಂದೆ ಬಂದು ಇನ್ನೊಂದು ಬದಿಗೆ ಕೈ ಕೊಟ್ಟರು. ಮಂಗಳಮ್ಮ ಬೇಡವೆನ್ನಲಿಲ್ಲ. ಇಬ್ಬರೂ ಸೇರಿ ಬಾಗಿನವನ್ನು ನೀರಿಗೆ ಬಿಟ್ಟರು. ಏಳು ಸಮುದ್ರದಾಚೆಯ ಕೈ ಆಗುತ್ತದೆ, ಬದನವಾಳಿನ ಕೈ ಆಗುವುದಿಲ್ಲ ಎಂದುಕೊಂಡಳು ಸಂಘಮಿತ್ರಾ. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮಂಗಳಮ್ಮ ಲಿಂದೌರಾ ಅವರ ಕೈಯನ್ನು ಒಮ್ಮೆ, ಇವಳ ಕೈಯನ್ನು ಒಮ್ಮೆ ನೋಡಿ ತಲೆ ತಗ್ಗಿಸಿದರು.

ವಾಪಸು ಬರುವಾಗಲೂ ಅದೇ ಗಾಡಿ, ಅದೇ ಸೀಟು. ಬೇರೆ ಕಡೆ ಕೂರೋಣವೆಂದರೆ ಮಂಗಳಮ್ಮನ ಚೀಲ, ಕಾಯಿ, ಒದ್ದೆ ಟವೆಲು ಎಲ್ಲ ಅವಳ ಕಾಲ ಬಳಿಯೇ ಇದ್ದವು. ಗಾಡಿ ಅರ್ಧ ದಾರಿ ಬಂದಿತ್ತು.

"ನಿಮ್ಮವ್ವಂಗೆ ಗೊತ್ತಾ?" ಮಂಗಳಮ್ಮ ಮುಂದೆ ನೋಡುತ್ತಲೇ ಕೇಳಿದರು.

"ಇಲ್ಲ."

"ಅಂದ್ರೆ ನೀನೂ ಬಚ್ಚಿಟ್ಟಿದ್ದೀಯ."

ಈ ಮಾತು ಅವಳಿಗೆ ನಾಟಿತು. ನಾಲ್ಕು ತಿಂಗಳಿಂದ ಅಮೃತೇಶನನ್ನು ಪುಕ್ಕಲ ಎಂದು ಬೈದಿದ್ದಳು. ಅವ್ವನ ಮುಂದೆ ಅವನ ಅರ್ಧ ಹೆಸರನ್ನೂ ಅವಳು ಹೇಳಿರಲಿಲ್ಲ.

"ಗೊತ್ತಾದ್ರೆ ಏನಂತಾರೆ?"

"ಬೇಡ ಅಂತಾರೆ."

ಮಂಗಳಮ್ಮ ಗಕ್ಕನೆ ತಿರುಗಿದರು. "ಬ್ಯಾಡ ಅಂತಾರಾ? ಯಾಕೆ? ನನ್ ಮಗಂಗೇನಾಗೈತೆ?"

"ನಿಮ್ಮ ಮಗನಿಗೇನೂ ಆಗಿಲ್ಲಮ್ಮ. ನನ್ನ ಕಂಡು ಮೊರ ಹಿಂದಕ್ಕೆ ಎಳ್ಕೊಳ್ಳೋ ಮನೆಗೆ ಮಗಳನ್ನ ಕೊಡಲ್ಲ ಅಂತಾರೆ."

ಮಂಗಳಮ್ಮ ತಮ್ಮ ಎರಡೂ ಅಂಗೈಗಳನ್ನು ಬಿಡಿಸಿ ಬಹಳ ಹೊತ್ತು ನೋಡಿಕೊಂಡರು. ಅರಿಶಿನ ಇನ್ನೂ ಹೋಗಿರಲಿಲ್ಲ. ಆಮೇಲೆ ಅವರ ಮೂಗಿನ ಹೊಳ್ಳೆ ಅರಳಿತು.

"ಇರಾದು ಒಬ್ನೇ ಮಗ. ಬೀಡಿ ಇಲ್ಲ, ಎಂಡ ಇಲ್ಲ. ಸ್ವಂತ ಗಾಡಿ. ಇಂಥೋನ್ನ ಬ್ಯಾಡ ಅನ್ನೋರು ಅದ್ಯಾರು, ನಾನೂ ನೋಡ್ತೀನಿ. ಲೋ ಅಮೃತಾ, ಇವರ್ನ ಲಾಡ್ಜಿಗೆ ಇಳಿಸ್ಬುಟ್ಟು ಗಾಡಿನ ಬದನವಾಳಿಗೆ ತಿರುಗ್ಸು."

"ಇವತ್ತೇನಮ್ಮಾ?"

"ಇವತ್ತೇ. ಕ್ವಾಪ ಇಳಿದ್ಮೇಲೆ ನಂಗೆ ಧೈರ್ಯ ಇರಾಕಿಲ್ಲ."

ಸಂಘಮಿತ್ರಾ ಫೋನ್ ತೆಗೆದಳು. ಆ ಕಡೆ ಅವ್ವ "ಹಲೋ" ಎಂದಳು.

"ಅವ್ವ, ಮನೇಲೇ ಇರು. ಇಬ್ರನ್ನ ಕರ್ಕೊಂಡು ಬತ್ತಿದ್ದೀನಿ."

"ಯಾರ್ನೇ? ನಿನ್ನ ಟೂರಿನೋರಾ?"

ಹೂಂ ಎಂದಿದ್ದರೆ ಸಾಕಿತ್ತು. ಪಕ್ಕದಲ್ಲಿ ಮಂಗಳಮ್ಮ ಕಿವಿಗೊಟ್ಟು ಕೂತಿದ್ದರು.

"ಅಲ್ಲವ್ವ. ನಾನು ಪ್ರೀತಿಸಿರೋ ಹುಡುಗ. ಅಮೃತೇಶ್ ಅಂತ, ನಂಜನಗೂಡಿನ ಲಿಂಗಾಯಿತರು. ಅವನನ್ನೇ ಮದುವೆ ಆಗ್ಬೇಕು ಅಂತಿದ್ದೀನಿ. ಜೊತೇಲಿ ಅವರಮ್ಮನೂ ಬತ್ತಾವ್ರೆ."

ಲೈನ್ ಕಟ್ಟಾಯಿತೇನೋ ಎಂದು ಅವಳು ಫೋನ್ ನೋಡಿದಳು. ಆಮೇಲೆ ಅವ್ವನ ದನಿ ಬಂತು, ಬಹಳ ಮೆತ್ತಗೆ: "ಬರೋರು ನಮ್ಮನೇಲಿ ಉಣ್ತಾರಾ?"

ಬೈಗುಳಕ್ಕೆ ಸಿದ್ಧವಾಗಿದ್ದವಳು ಫೋನನ್ನು ಎದೆಗೊತ್ತಿಕೊಂಡು ಮಂಗಳಮ್ಮನ ಕಡೆ ತಿರುಗಿದಳು.

"ಅವ್ವ ಕೇಳ್ತಾ ಇದ್ದಾಳೆ. ನಮ್ಮನೇಲಿ ಊಟ ಮಾಡ್ತೀರಾ ಅಂತ."

ಅಮೃತೇಶ್ ಗಾಡಿಯನ್ನು ರಸ್ತೆ ಬದಿಗೆ ತೆಗೆದು ನಿಲ್ಲಿಸಿಯೇ ಬಿಟ್ಟ. ಮಂಗಳಮ್ಮ ಕಿಟಕಿಯಾಚೆ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಸಂಘಮಿತ್ರಾ ಫೋನ್ ಇಟ್ಟುಬಿಡೋಣವೆಂದುಕೊಂಡಳು.

"ಸೊಪ್ಪಿನ ಸಾರಾದ್ರೆ ಉಣ್ತೀನಿ ಅಂತೇಳು" ಎಂದರು ಮಂಗಳಮ್ಮ. "ಖಾರ ಕಮ್ಮಿ ಆಕ್ಲಿ. ನಂಗೆ ಒಟ್ಟೆ ಉರೀತದೆ."