ಎಣಿಕೆಗೆ ಮುಂಚಿನ ಹೆಸರು

"ಇದನ್ನ ಬಾರಿಸಿದ್ದು ಯಾರು?"

ವೆಸ್ನಾ ಗಟ್ಟಿಯಾಗಿಯೇ ಕೇಳಿದಳು. ಉತ್ತರ ಕೊಡಲು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಮರೆತುಹೋಗಿದ್ದ ಸ್ವೆಟರ್ ತೆಗೆದುಕೊಳ್ಳಲು ಸ್ಟುಡಿಯೋಗೆ ಮರಳಿ ಬಂದಿದ್ದಳು ಅವಳು. ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದ ವಾರಿಕ್ ಸಿಗರೇಟಿಗೆಂದು ಹೊರಗೆ ಹೋಗಿದ್ದ. ಕಂಪ್ಯೂಟರಿನಲ್ಲಿ ಹಾಡು ತನ್ನ ಪಾಡಿಗೆ ತಾನು ಓಡುತ್ತಿತ್ತು. ಅವರ ಬ್ಯಾಂಡಿನದೇ ಹಾಡು, ಆಲ್ಬಮ್ಮಿನ ಕೊನೆಯದು. ಹಾಡುತ್ತಿದ್ದವನು ರೋರಿ. ಬೇಸ್ ಗಿಟಾರು ಸೆಮಿಯದು. ಡ್ರಮ್ಸ್ ಮಾತ್ರ...

ಡ್ರಮ್ಸ್ ಅವಳದಲ್ಲ.

ಒಂದು ಏಟೂ ಆಚೀಚೆ ಇಲ್ಲ. ಹೊಲಿಗೆ ಯಂತ್ರ ಬಟ್ಟೆಯ ಮೇಲೆ ಓಡಿದ ಹಾಗೆ, ಒಂದೇ ಸಮ. ವೆಸ್ನಾಳ ಎಡಗೈ ಪಲ್ಲವಿಗೆ ತಿರುಗುವಲ್ಲಿ ಕೂದಲೆಳೆಯಷ್ಟು ತಡ. ಅದು ಅವಳಿಗೂ ಗೊತ್ತು, ಬ್ಯಾಂಡಿಗೂ ಗೊತ್ತು. ಆ ತಡದಲ್ಲೇ ರೋರಿ ಉಸಿರು ಎಳೆದುಕೊಳ್ಳುತ್ತಿದ್ದ. ಈ ಹಾಡಿನಲ್ಲಿ ಆ ಜಾಗವೇ ಇರಲಿಲ್ಲ.

ಬಾಗಿಲು ತೆರೆಯಿತು. ರೋರಿ, ಕೈಯಲ್ಲಿ ಮಾಂಸ ತುಂಬಿದ ಬಿಸಿ ಪೈಗಳ ಚೀಲ, ಕಣ್ಣಿನ ಕೆಳಗೆ ಕಪ್ಪು.

"ಇನ್ನೂ ಹೋಗಿಲ್ವಾ? ಒಳ್ಳೇದಾಯ್ತು, ಒಂದು ಪೈ ಜಾಸ್ತಿ ತಂದಿದೀನಿ."

"ನಿನಗೆ ಗೊತ್ತಿತ್ತಾ?"

ಅವನು ಹಾಡಿನತ್ತ ಕಿವಿಗೊಟ್ಟ. ಮುಖ ಇಳಿದುಹೋಯಿತು.

"ಗೊತ್ತಿತ್ತು. ಹೇಳೋಣ ಅಂತಲೇ ಇದ್ದೆ."

"ಯಾವಾಗ? ಆಲ್ಬಮ್ ಅಂಗಡಿಗೆ ಬಂದ ಮೇಲಾ?"

"ಆಲ್ಬಮ್ ತರೋ ಕಂಪನಿಯವರು ಕೇಳಿದ್ರು, ವೆಸ್. ರೇಡಿಯೋಗೆ ಹೀಗೇ ಬೇಕಂತೆ. ಎಲ್ಲಾ ಬ್ಯಾಂಡಿಗೂ ಹೀಗೇ ಮಾಡ್ತಾರಂತೆ. ನಾನೂ... ಹೂಂ ಅಂದ್ಬಿಟ್ಟೆ."

"ನನ್ನ ಕೇಳದೇ."

"ನೀನು ಸೋಫಾ ಮೇಲೆ ಮಲಗಿದ್ದೆ, ಶೂ ಕೂಡ ಬಿಚ್ಚಿರಲಿಲ್ಲ. ಎಬ್ಬಿಸೋಕೆ ಮನಸ್ಸು ಬರಲಿಲ್ಲ."

"ಎಬ್ಬಿಸಬೇಕಿತ್ತು ಕಣೋ."

ಅವಳು ಕಿರುಚಲಿಲ್ಲ. ಕಿರುಚಲು ಬೇಕಾದ ಶಕ್ತಿ ಎಂದೋ ಖರ್ಚಾಗಿತ್ತು. ಚೀಲದಿಂದ ಡ್ರಮ್ಸ್ ಕಡ್ಡಿಗಳನ್ನು ತೆಗೆದು ವಾರಿಕ್‌ನ ಕುರ್ಚಿಯ ಮೇಲಿಟ್ಟಳು.

"ಅವನ್ಯಾರೋ ಚೆನ್ನಾಗಿ ಬಾರಿಸಿದ್ದಾನೆ. ಇವನ್ನೂ ಅವನಿಗೇ ಕೊಟ್ಟುಬಿಡು."

ರೋರಿ ಅರ್ಥವಾಗದೆ ನೋಡುತ್ತಿದ್ದಂತೆಯೇ ಅವಳು ಹೊರಟುಹೋದಳು. ಸ್ವೆಟರ್ ಮತ್ತೆ ಅಲ್ಲೇ ಉಳಿಯಿತು.

ಅಜ್ಜಿಯ ಊರಿನತ್ತ, ವುಲೊಂಗಾಂಗ್ ಕಡೆಗೆ ಹೋಗುವ ರೈಲು ಸಮುದ್ರದ ಅಂಚಿಗೆ ಬಂದಾಗ ವೆಸ್ನಾ ಫೋನನ್ನು ಬಂದ್ ಮಾಡಿದಳು.

ಮೊದಲ ದಿನ ನೆನಪಾಯಿತು. ಡ್ರಮ್ಸ್ ಬಾರಿಸುವವರು ಬೇಕಾಗಿದ್ದಾರೆ ಎಂಬ ಚೀಟಿ ನೋಡಿ ರೋರಿಯ ಮನೆಗೆ ಹೋದಾಗ ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದ, "ಪಾಪ್ ಪಂಕ್ ಅಂದ್ರೆ ಕೈ ಬೇಗ ಬೇಗ ಓಡಬೇಕು. ಓಡುತ್ತಾ?" ಅವಳು ಕೂತು, ಕಡ್ಡಿ ತಿರುಗಿಸಿ ಹೇಳಿದ್ದಳು, "ನನ್ನ ಕೈ ಓಡುತ್ತೆ. ನಿನ್ನ ಗಂಟಲು ಶ್ರುತಿಯಲ್ಲಿ ನಿಲ್ಲುತ್ತಾ?" ಸೆಮಿ ನಕ್ಕು ನಕ್ಕು ನೆಲಕ್ಕೆ ಬಿದ್ದಿದ್ದ.

ಆಮೇಲೆ ಎಷ್ಟೊಂದು ಊರುಗಳು. ವ್ಯಾನಿನಲ್ಲಿ ಮಲಗಿ, ಪಬ್‌ಗಳಲ್ಲಿ ಬಾರಿಸಿ, ಕೊನೆಗೆ ದೊಡ್ಡ ಕಂಪನಿಯವರೇ ಹುಡುಕಿಕೊಂಡು ಬಂದಾಗ ಮೂವರೂ ತಬ್ಬಿಕೊಂಡು ಕುಣಿದಿದ್ದರು. ದೊಡ್ಡ ಕಂಪನಿಗೆ ಇದು ಅವರ ಮೊದಲ ಆಲ್ಬಮ್. ಅದರಲ್ಲಿ ತಾನೇ ಇಲ್ಲ.

ಆದರೂ ಎದೆಯಲ್ಲಿ ಕೊರೆಯುತ್ತಿದ್ದುದು ಆಲ್ಬಮ್ ಅಲ್ಲ. 'ಗೊತ್ತಿತ್ತು' ಎಂದನಲ್ಲ... ಅವನು. ಬೇರೆ ಯಾರು ಹೇಳಿದ್ದರೂ ಜಗಳವಾಡಿ ಮರೆಯುತ್ತಿದ್ದಳು.

ಪೋರ್ಟ್ ಕೆಂಬ್ಲಾದ ಮನೆಯಲ್ಲಿ ಅಜ್ಜಿ ಏನೂ ಕೇಳಲಿಲ್ಲ. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಮ್ಯಾಸಿಡೋನಿಯಾದಿಂದ ಬಂದ ಗಂಡನ ಜೊತೆ ಇಲ್ಲಿಗೆ ಇಳಿದವಳು ಆಕೆ. ಬಾಡಿದ ಮುಖಗಳನ್ನು ಪ್ರಶ್ನೆ ಕೇಳಿ ಇನ್ನಷ್ಟು ಬಾಡಿಸಬಾರದೆಂದು ಗೊತ್ತಿತ್ತು. ಸೂಪು ಬಡಿಸಿದಳು. ವೆಸ್ನಾ ನಾಲ್ಕು ಚಮಚ ಕುಡಿದು, ಮೇಜಿನ ಮೇಲೇ ತಲೆಯಿಟ್ಟು ನಿದ್ದೆಹೋದಳು.

ಶನಿವಾರ ಗ್ಯಾರೇಜಿನಲ್ಲಿ ಮೆಣಸಿನಕಾಯಿ ಸುಡುವ ಕೆಲಸ. ಮಾರ್ಚ್ ತಿಂಗಳೆಂದರೆ ಅವರ ಬೀದಿಯ ಮನೆಮನೆಯಲ್ಲೂ ಇದೇ ಹೊಗೆ. ಕೆಂಪು ದೊಣ್ಣೆಮೆಣಸಿನಕಾಯಿಗಳನ್ನು ಸುಟ್ಟು, ಸಿಪ್ಪೆ ಸುಲಿದು, ವರ್ಷಕ್ಕಾಗುವಷ್ಟು ಗೊಜ್ಜು ಕಾಯಿಸಿ ಬಾಟಲಿಗೆ ತುಂಬಬೇಕು.

"ಅಜ್ಜಿ, ವೆಸ್ನಾ ಇದ್ದಾಳಾ?"

ಗ್ಯಾರೇಜಿನ ಬಾಗಿಲಲ್ಲಿ ರೋರಿ ನಿಂತಿದ್ದ. ಹೆಗಲ ಮೇಲೆ ಅವಳ ಸ್ವೆಟರ್, ಕಂಕುಳಲ್ಲಿ ಒಂದು ಸಿಡಿ ಪ್ಲೇಯರ್.

"ಕಣ್ಣೆದುರಿಗೇ ಕೂತಿದ್ದಾಳೆ, ಕಾಣ್ಸಲ್ವಾ? ಕೈ ತೊಳ್ಕೊಂಡು ಬಾ. ಈ ಮನೆಗೆ ಇವತ್ತು ಬಂದವರು ಸಿಪ್ಪೆ ಸುಲೀಲೇಬೇಕು."

ಅವನು ಕೈ ತೊಳೆದು ಬಂದು ಬಕೆಟ್ಟಿನ ಎದುರು ಕೂತ. ವೆಸ್ನಾ ಕಣ್ಣೆತ್ತಲಿಲ್ಲ.

"ಬೀಜ ಬಿಡಬೇಡ," ಎಂದಳು ಅಷ್ಟೇ.

"ಸರಿ."

ಬಿಸಿ ಸಿಪ್ಪೆಗೆ ಅವನ ಬೆರಳು ಸುಟ್ಟಿತು. ಸುಲಿಯುತ್ತಲೇ ಹೋದ.

"ತಪ್ಪು ನನ್ನದು," ಎಂದ. "ನಿನ್ನ ಏಟುಗಳನ್ನ ಹಾಗೆ ಕತ್ತರಿಸೋಕೆ ನಾನು ಒಪ್ಪಬಾರದಿತ್ತು."

ವೆಸ್ನಾಳ ಕೈ ನಿಂತಿತು.

"ನನ್ನ ಏಟುಗಳಾ?"

"ಮತ್ತೆ ಯಾರದ್ದು?"

"ಬೇರೆಯವನನ್ನ ಕರೆಸಿ, ಅವನ ಹತ್ರ ಬಾರಿಸಿಕೊಂಡಿದ್ದು ತಾನೇ?"

ಅವಳು ಹೊರಡುವಾಗ ಆಡಿದ ಮಾತಿನ ಅರ್ಥ ರೋರಿಗೆ ಈಗ ಹೊಳೆಯಿತು.

"ಅಯ್ಯೋ, ಪೆದ್ದಿ... ಅದು ನೀನೇ ಕಣೇ. ನೀನು ಬಾರಿಸಿದ್ದನ್ನೇ ವಾರಿಕ್ ಕಂಪ್ಯೂಟರಲ್ಲಿ ಒಂದೊಂದು ಏಟೂ ಕತ್ತರಿಸಿ, ತಾಳದ ಗೆರೆಗೆ ಎಳೆದು ಕೂರಿಸಿದ್ದು. ಮೇಲೆ ಬೇರೆ ಡ್ರಮ್ಮಿನ ಸದ್ದು ಹಚ್ಚಿದ್ದಾನೆ. ಬೇರೆ ಯಾರೂ ಬಂದಿಲ್ಲ. ನಿನ್ನ ಜಾಗದಲ್ಲಿ ಯಾರನ್ನಾದರೂ ಕೂರಿಸ್ತೀನಾ ನಾನು?"

ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕರಿ ಹತ್ತಿದ ತನ್ನ ಬೆರಳುಗಳನ್ನೇ ನೋಡಿಕೊಂಡಳು.

"ನನ್ನ ಕೈಯನ್ನ ನಾನೇ ಗುರುತು ಹಿಡೀಲಿಲ್ಲ, ರೋರಿ."

"ನಾನೂ ಹಿಡೀಲಿಲ್ಲ. ಹಾಡೋಕೆ ನಿಂತ್ರೆ ಉಸಿರು ಎಲ್ಲಿ ತಗೋಬೇಕು ಅಂತಲೇ ತಿಳೀತಿರಲಿಲ್ಲ. ಅದಕ್ಕೇ ವಾರಿಕ್ ಹತ್ರ ಕೂತು ಕೂತು, ತಲೆ ತಿಂದು, ಒಂದು ಹಾಡನ್ನ ವಾಪಸ್ ತಗೊಂಡೆ. ಕೊನೇದು. ನೀನು ಹೇಗೆ ಬಾರಿಸಿದ್ಯೋ ಹಾಗೇ ಇರುತ್ತೆ."

"ಉಳಿದ ಹಾಡುಗಳು?"

"ಉಳಿದವು ಕಂಪನಿಗೆ. ನನ್ನ ಕೈಲಾದದ್ದು ಇಷ್ಟೇ."

ಸುಳ್ಳು ಹೇಳಿ ಸಂತೈಸಲಿಲ್ಲ ಅವನು. ದಣಿದ ಮನಸ್ಸಿಗೆ ಅದೇ ಹಿತವೆನಿಸಿತು.

"ಇನ್ನೊಂದು ವಿಷಯ," ರೋರಿ ತಡವರಿಸಿದ. "ಮೈಕುಗಳು ನೀನು ಶುರು ಮಾಡೋ ಮೊದಲೇ ಆನ್ ಆಗಿದ್ವು. ಕಡ್ಡಿ ತಟ್ಟಿ ಕೊಡೋ ಎಣಿಕೆಗೆ ಮುಂಚೆ ನೀನು ಏನೋ ಗೊಣಗ್ತೀಯಾ. ಪ್ರತಿ ಸಲಾನೂ. ಈ ಸಿಡಿಯಲ್ಲೂ ಇದೆ, ಆಲ್ಬಮ್ಮಿನಲ್ಲೂ ಬರುತ್ತೆ. ನಿಮ್ಮ ಭಾಷೆ ನನಗೆ ಬರಲ್ಲ. ಆದ್ರೆ ಕೊನೇಲಿ ನನ್ನ ಹೆಸರಿದೆ. ನನ್ನ ಬೈತೀಯೇನೋ ಅಂದ್ಕೊಂಡೆ."

ವೆಸ್ನಾ ಸಿಡಿ ಪ್ಲೇಯರಿನತ್ತ ಕೈ ಚಾಚಿದಳು. "ಹಾಕಬೇಡ ಅದನ್ನ."

ಅಷ್ಟರಲ್ಲಿ ಅಜ್ಜಿ ಚಾಕುವಿನ ತುದಿಯಿಂದ ಅದರ ಗುಂಡಿ ಒತ್ತಿಯಾಗಿತ್ತು.

ಕುರ್ಚಿ ಕಿರ್ ಎಂದಿತು. ಯಾರೋ ಮೂಗೆಳೆದುಕೊಂಡರು. ಆಮೇಲೆ ತೀರಾ ಮೆಲ್ಲಗೆ, ನಿದ್ದೆಗೆಟ್ಟ ಹುಡುಗಿಯೊಬ್ಬಳ ದನಿ.

ಅಜ್ಜಿಯ ಕೈಯಲ್ಲಿನ ಚಾಕು ನಿಂತಿತು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನೇ ಬಾಯಿಪಾಠ ಮಾಡಿಸಿದ ಪ್ರಾರ್ಥನೆ ಅದು. ಆಕೆಯ ತುಟಿಗಳೂ ಜೊತೆಗೂಡಿದವು. ಪ್ರಭುವೇ, ಕರುಣೆಯಿಡು. ಆಮೇಲೆ ಹೆಸರುಗಳು. ಅಜ್ಜಿಯದು. ಅಪ್ಪನದು. ಅಮ್ಮನದು. ಅಲ್ಲಿಗೆ ಅಜ್ಜಿಯ ತುಟಿ ನಿಂತಿತು. ಸಿಡಿಯ ದನಿ ನಿಲ್ಲಲಿಲ್ಲ.

ರೋರಿ.

ಕಡ್ಡಿಗಳು ತಾಗಿ ಎಣಿಕೆ ಕೊಟ್ಟವು. ಡ್ರಮ್ಸ್ ಗ್ಯಾರೇಜನ್ನು ತುಂಬಿತು. ಎಡಗೈ ತಿರುವಿನಲ್ಲಿ ಕೂದಲೆಳೆಯಷ್ಟು ತಡವಾಯಿತು. ಆ ತಡದಲ್ಲಿ ಹಾಡಿನೊಳಗಿನ ರೋರಿ ಉಸಿರೆಳೆದುಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು.

ಹಾಡು ಮುಗಿದ ಮೇಲೆ ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು.

"ಇದು ಬೈಗುಳ ಅಲ್ಲ, ಹುಡುಗ. ಬದುಕಿರೋ ನಮ್ಮವರನ್ನ ದೇವರ ಕೈಗೆ ಒಪ್ಪಿಸೋದು. ಇದರಲ್ಲಿ ಮನೆಯವರ ಹೆಸರು ಮಾತ್ರ ಹೇಳಬೇಕು ಅಂತ ನಾನು ಕಲಿಸಿದ್ದೆ." ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. "ಯಾಕೆ, ನನ್ನ ಪಾಠ ಮರೆತೆಯಾ?"

"ಮರೆತಿಲ್ಲ," ಎಂದಳು ವೆಸ್ನಾ. ದನಿ ಅವಳಿಗೇ ಕೇಳಿಸಲಿಲ್ಲ.

"ಹಾಗಾದ್ರೆ ಸರಿ. ಉಪ್ಪು ತರ್ತೀನಿ." ಉಪ್ಪಿನ ಡಬ್ಬಿ ಪಕ್ಕದಲ್ಲೇ ಇತ್ತು. ಅಜ್ಜಿ ಅದನ್ನು ದಾಟಿಕೊಂಡೇ ಮನೆಯೊಳಗೆ ಹೋದಳು.

ಸುಟ್ಟ ಕಾಯಿಗಳ ಹೊಗೆ ಇಬ್ಬರ ನಡುವೆ ನಿಂತಿತು.

"ನಮ್ಮ ಮನೇಲಿ ಯಾರೂ ಪ್ರಾರ್ಥನೆ ಮಾಡಲ್ಲ," ಎಂದ ರೋರಿ. "ನನ್ನ ಹೆಸರನ್ನ ದೇವರ ಹತ್ರ ಯಾರೂ ತಗೊಂಡು ಹೋಗಿರಲಿಲ್ಲ. ಅದನ್ನ ಕೇಳಿ ಕೇಳಿ... ಬೈಗುಳವಾದ್ರೂ ಪರವಾಗಿಲ್ಲ, ಕೊನೇಲಿ ನಾನಿದ್ದೀನಲ್ಲ ಅನ್ನಿಸ್ತಿತ್ತು. ನಿನ್ನ ಕಂಡ್ರೆ ನನಗೂ ಅಷ್ಟೇ ಇಷ್ಟ, ವೆಸ್. ಆ ಮೊದಲ ದಿನ ನನ್ನ ಗಂಟಲಿನ ಬಗ್ಗೆ ಕೇಳಿದೆಯಲ್ಲ, ಆವತ್ತಿಂದ."

"ಇಷ್ಟು ದಿನ ಒಂದೇ ವ್ಯಾನಲ್ಲಿ ಇದ್ವಲ್ಲೋ. ಆಗ ಹೇಳೋಕೆ ಏನಾಗಿತ್ತು?"

"ಸೆಮಿ ಗೊರಕೆ ನಡುವೆ ಏನಂತ ಹೇಳೋದು?"

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು. ಕರಿಗೈಯಿಂದ ಕಣ್ಣೊರೆಸಿಕೊಳ್ಳಲು ಹೋದಳು; ಅವನು ಮಣಿಕಟ್ಟು ಹಿಡಿದು ತಡೆದು, ಸ್ವೆಟರಿನ ತೋಳಿನಿಂದ ಒರೆಸಿದ.

"ಸುಸ್ತಾಗಿದೆ, ರೋರಿ. ತುಂಬಾ."

"ನನಗೂ. ಕೊನೇ ಪಲ್ಲವಿ ಎಲ್ಲರೂ ಒಂದೇ ಮೈಕಿನ ಸುತ್ತ ನಿಂತು ಕೂಗಬೇಕು. ಅದೊಂದು ಬಾಕಿ. ಸೆಮಿ ಹೇಳ್ದ, ನೀನು ಬರದೇ ಬಾಯಿ ತೆಗೆಯಲ್ವಂತೆ. ಬರ್ತೀಯಾ?"

ಅವಳು ಹೂಂ ಎಂದು ತಲೆಯಾಡಿಸಿದಳು. ಅವನ ಹೆಗಲಿಗೆ ಹಣೆ ಒರಗಿಸಿದಳು. ಹೊಗೆಯ ವಾಸನೆ, ರೈಲಿನ ವಾಸನೆ, ಅವನ ವಾಸನೆ.

"ಒಂದು ಕೇಳ್ಲಾ?"

"ಕೇಳು."

"ವಾರಿಕ್‌ಗೆ ಫೋನ್ ಮಾಡು. ಡ್ರಮ್ಸ್ ಹಾಗೇ ಇರಲಿ. ಮುಂಚೆ ಬರೋ ಆ ಗೊಣಗಾಟ ಮಾತ್ರ ತೆಗೆಸಿಬಿಡು. ನಮ್ಮ ಚರ್ಚಿನವರೆಲ್ಲ ಆಲ್ಬಮ್ ಕೊಳ್ತಾರೆ, ಎಲ್ಲರಿಗೂ ಗೊತ್ತಾಗಿಬಿಡುತ್ತೆ... ದಯವಿಟ್ಟು."

ರೋರಿ ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡ. ನಿಧಾನವಾಗಿ ಸಿಪ್ಪೆ ಸುಲಿದು, ಬೀಜ ಬಿಡದೆ ತೆಗೆದು, ಅವಳ ಬಟ್ಟಲಿಗೆ ಹಾಕಿದ.

"ಇಲ್ಲ. ತೆಗೆಸಲ್ಲ."